ನೀರುಕಾಗೆ ಗೂಡು ಕಟ್ಟಿದ ವರ್ಷ

ನಮ್ಮ ಮನೆ ಕೆರೆಗೆ ಬೆನ್ನು ಕೊಟ್ಟು ಕೂತಿತ್ತು. ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ಏರಿಯ ಮಣ್ಣಿನ ಗೋಡೆ. ಅಪ್ಪ ಕಲ್ಲು ಹೂಳಿ ಮಾಡಿದ ಮೆಟ್ಟಿಲು ಹತ್ತಿ ನಿಂತರೆ ಕಣ್ಣು ಹಾಯುವವರೆಗೂ ನೀರು. ಮುಂಬಾಗಿಲ ಕಡೆ ಗದ್ದೆ, ಗದ್ದೆಯಾಚೆ ಪಾಲಕೋಡಿಗೆ ಹೋಗುವ ರಸ್ತೆ. ಐಪ್ಪಸಿ ತಿಂಗಳ ಹಿಂಗಾರು ಮಳೆಗೆ ಕೆರೆ ತುಂಬಿದರೆ ಮನೆಯ ಹಿಂದಿನ ಗೋಡೆ ಬೆವರುತ್ತಿತ್ತು. ಅವ್ವ ಮೊಸರಿನ ಗಡಿಗೆಯನ್ನು ಆ ಗೋಡೆಗೆ ಒತ್ತಿ ಇಡುತ್ತಿದ್ದಳು. ನಮಗೆ ಏರಿ ಎಂದರೆ ಮಣ್ಣಿನ ಕಟ್ಟೆ, ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಒಂದನೇ ಕ್ಲಾಸಿನಲ್ಲಿ ಟೀಚರ್ ‘ಏರಿ ನಿರಂಜಿಡುಚ್ಚು’ ಎಂದಾಗ, ನೀರು ಕಟ್ಟೆಯ ಮೇಲೇ ಹತ್ತಿ ಬಂತೆಂದು ತಿಳಿದು ನಾನು ಸ್ಲೇಟು ಬಿಟ್ಟು ಮನೆಗೆ ಓಡಿದ್ದೆ. ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದ ಅವ್ವ ವಿಷಯ ಕೇಳಿ, ನಕ್ಕು ನಕ್ಕು ಸೊಪ್ಪಿನ ಮೊರವನ್ನೇ ಮಗುಚಿಕೊಂಡಳು. ಕೆರೆ ತುಂಬಿದೆ ಎಂದಷ್ಟೇ ಅದರ ಅರ್ಥ ಎಂದು ತಿಳಿಸಿ, ಒಂದು ಬೆಲ್ಲದ ಚೂರು ಬಾಯಿಗಿಟ್ಟು ಮತ್ತೆ ಶಾಲೆಗೆ ಅಟ್ಟಿದಳು.

ಅಪ್ಪ ಆ ಕೆರೆಯ ನೀರಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ಹೊತ್ತು ನೀರು ಎಂದು ಹೇಳುವುದು ಅವನ ಕೆಲಸ. ಸ್ನಾನ ಮಾಡದೆ ತೂಬು ಮುಟ್ಟುತ್ತಿರಲಿಲ್ಲ, ಸಿಟ್ಟಿನಲ್ಲಿ ಇರುವಾಗಲೂ ಮುಟ್ಟುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಜಗಳಗಳೆಲ್ಲ ತೂಬಿನ ಕೆಲಸ ಮುಗಿದು, ಬೆಳಿಗ್ಗೆ ಒಂಬತ್ತರ ಮೇಲೇ ಆಗುತ್ತಿದ್ದವು. ಜಗಳಕ್ಕೆ ಇನ್ನೊಂದು ಕಡೆಯವನು ದೊಡ್ಡಪ್ಪ. ದೊಡ್ಡಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದ. ಮುಂದಿನ ಜಗಲಿ ಅವನ ರಾಜ್ಯ. ಅಲ್ಲಿ ಅವನ ಚಾಪೆ, ವೀಳ್ಯದ ಚೀಲ, ಗೂಟಕ್ಕೆ ತೂಗುಹಾಕಿದ ಒಂದು ನಾಡಬಂದೂಕು. ಕಾಡುಹಂದಿಯಿಂದ ಬೆಳೆ ಕಾಯಲೆಂದು ಪಡೆದ ಬಂದೂಕು ಅದು. ಆದರೆ ಚಳಿಗಾಲದಲ್ಲಿ ಅವನು ಅದನ್ನು ಹೊತ್ತು ಕೆರೆ ಸುತ್ತಿ ಬಾತು ಹೊಡೆದು ತರುತ್ತಿದ್ದ. ಬೇಟೆ ಬೇಡ ಎನ್ನುವ ಅರಣ್ಯ ಇಲಾಖೆಯ ಬೋರ್ಡು ನಮ್ಮ ಏರಿಯ ಮೇಲೆ ಆಗಿನ್ನೂ ಎದ್ದಿರಲಿಲ್ಲ. ಬಾತಿನ ಸಾರಿಗೆ ಅವ್ವ ಹುರಿಗಡಲೆ ಅರೆದು ಹಾಕುತ್ತಿದ್ದಳು. ಬಿಸಿ ರಾಗಿಹಿಟ್ಟನ್ನು ಅದರಲ್ಲಿ ಅದ್ದಿ ನುಂಗುವಾಗ ಹಲ್ಲಿಗೆ ಸೀಸದ ಗುಂಡು ಸಿಕ್ಕರೆ ನಮಗೆ ಹಬ್ಬ. ತಟ್ಟೆಯಂಚಿಗೆ ಟಣ್ ಎಂದು ಉಗಿದು, ಯಾರಿಗೆ ಹೆಚ್ಚು ಸಿಕ್ಕಿತು ಎಂದು ತಮ್ಮನೂ ನಾನೂ ಎಣಿಸುತ್ತಿದ್ದೆವು. ಸುಳ್ಳು ಹೇಳುವುದಿಲ್ಲ, ಆ ರುಚಿ ಈಗಲೂ ನಾಲಿಗೆಯಲ್ಲಿದೆ.

ಅವ್ವ ದೊಡ್ಡಪ್ಪನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಗಿ ಅಲ್ಲ, ಗಂಡನ ಅಣ್ಣನ ಮುಂದೆ ಬಾಯಿ ತೆರೆಯಬಾರದು ಎಂಬ ಪದ್ಧತಿ. ಇಬ್ಬರೂ ಮೂರು ಮಾರು ದೂರದಲ್ಲಿ ನಿಂತಿದ್ದರೂ ಮಾತು ನನ್ನ ಮೂಲಕವೇ ಹೋಗಬೇಕು.

“ಲೇ ಪಾಪ, ಇಟ್ಟು ಆರೋಗ್ತೈತೆ, ಉಣ್ಣಾಕ್ ಬರ್ಬೇಕಂತೆ ಅಂತ ನಿಮ್ ದೊಡ್ಡಪ್ಪಂಗೆ ಏಳು.”

“ಬತ್ತೀನಿ ಅಂತ ಏಳು ನಿಮ್ಮವ್ವಂಗೆ. ಸಾರಿಗೆ ಉಪ್ಪು ಕಮ್ಮಿ ಆಕ್ಬೇಕಂತೆ ಅಂತಾನೂ ಏಳು.”

ನಾನು ಇಬ್ಬರ ನಡುವೆ ನಿಂತು, ಅವರು ಕೇಳಿಸಿಕೊಂಡಾಗಿದ್ದ ಮಾತನ್ನೇ ಮತ್ತೊಮ್ಮೆ ಒಪ್ಪಿಸುತ್ತಿದ್ದೆ. ಎರಡು ಕಡೆಯ ಮಾತನ್ನೂ ಕೆಡಿಸದೆ ದಾಟಿಸುವ ಕೆಲಸ ಹತ್ತು ವರ್ಷಕ್ಕೇ ನನಗೆ ಕರಗತವಾಗಿತ್ತು. ಮುಂದೆ ದೊಡ್ಡವಳಾಗಿ ನಾನು ಕೆಲಸ ಮಾಡಿದ ಇದೇ ಕೆರೆಯ ಸಂಘದಲ್ಲಿ ರೈತರು, ಮೀನಿನವರು, ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡದೆ ಕೂತಾಗ ನನಗೆ ಗಾಬರಿಯೇ ಆಗಲಿಲ್ಲ.

ನಾನು ಹೇಳಹೊರಟ ವರ್ಷ ಕೆರೆ ಕೋಡಿ ಬಿದ್ದಿತ್ತು. ಕೆರೆಯ ಮೇಲ್ಭಾಗದ ಅಂಗಳದಲ್ಲಿ ಕೆಲವು ವರ್ಷ ಹಿಂದೆ ಇಲಾಖೆಯವರು ಹಾಕಿಸಿದ ಕರಿಜಾಲಿ ಮರಗಳು ಅಷ್ಟು ಹೊತ್ತಿಗೆ ಎರಡಾಳು ಎತ್ತರ ಬೆಳೆದು, ಸೊಂಟದುದ್ದ ನೀರಲ್ಲಿ ನಿಂತಿದ್ದವು. ಒಂದು ಬೆಳಿಗ್ಗೆ ಆ ಮರಗಳ ತುಂಬ ಕಪ್ಪಗೆ ಏನೋ ಕೂತಿತ್ತು. ನೀರುಕಾಗೆ. ಎರಡು ದಿನಕ್ಕೆ ಬೆಳ್ಳಕ್ಕಿಗಳೂ ಬಂದವು. ಅದುವರೆಗೆ ಹಕ್ಕಿಗಳು ನಮ್ಮ ಕೆರೆಗೆ ಬಂದು ತಿಂದು ಹೋಗುತ್ತಿದ್ದವು. ಸಂಸಾರ ಹೂಡಿದ್ದು ಅದೇ ಮೊದಲು. ಕಡ್ಡಿಗಾಗಿ ಅವು ನಮ್ಮ ಹಿತ್ತಲ ಸೌದೆಯ ರಾಶಿಗೇ ಬಂದವು. ಅವ್ವ ಪೊರಕೆ ಎತ್ತಿ ಓಡಿಸಿದಳು, ಆಮೇಲೆ ಸಣ್ಣ ಕಡ್ಡಿಗಳನ್ನು ತಾನೇ ಬೇರೆ ಮಾಡಿ ಏರಿಯ ಮೇಲೆ ಹಾಕಿ ಬಂದಳು. ಬೆಳಿಗ್ಗೆ ಏಳುವಾಗ ನೂರು ಮುದುಕರು ಒಟ್ಟಿಗೆ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು. ಅಪ್ಪ ಹಲ್ಲುಜ್ಜುತ್ತಾ ಮೆಟ್ಟಿಲ ಮೇಲೆ ನಿಂತು, ಬೇವಿನ ಕಡ್ಡಿ ಪೂರ್ತಿ ಸವೆದರೂ ಕೆಳಗಿಳಿಯುತ್ತಿರಲಿಲ್ಲ.

ಖುಷಿಪಡದಿದ್ದವನು ಮಾಣಿಕ್ಕಂ. ಆ ವರ್ಷ ಕೆರೆಯ ಮೀನನ್ನು ಗುತ್ತಿಗೆ ಹಿಡಿದಿದ್ದವನು. ಪಾಲಕೋಡಿನವನು, ಮನೆಮಾತು ತಮಿಳು, ನಮ್ಮ ಜೊತೆ ಮಾತ್ರ ಎರಡನ್ನೂ ಕಲಸಿ ಆಡುತ್ತಿದ್ದ. ಕಟ್ಲಾ ಮರಿಗಳನ್ನು ತಂದು ಬಿಟ್ಟು, ಅವು ಬೆಳೆಯುವುದನ್ನು ಕಾಯುತ್ತಿದ್ದ. ಒಂದು ಮಧ್ಯಾಹ್ನ ಬಂದು ದೊಡ್ಡಪ್ಪನ ಜಗಲಿಯಲ್ಲಿ ಕೂತ.

“ಅಣ್ಣೇ, ನಾನ್ ಮೀನ್ ಬಿಟ್ಟಿದ್ದು ಈ ಕಾಕ್ಕಾಗಳಿಗಾ? ದಿನಾ ಮುಳುಗ್ತವೆ, ತಿಂತವೆ, ರೆಕ್ಕೆ ಒಣಗಿಸ್ತವೆ. ನೀನು ಬಂದೂಕಲ್ಲಿ ನಾಲ್ಕ್ ಸುಟ್ರೆ ಪೋದುಂ, ಸಾಕು, ಮಿಕ್ಕಿದ್ದೆಲ್ಲಾ ಊರು ಬಿಟ್ ಓಯ್ತವೆ. ಪೊಂಗಲ್ ಆದ್ಮೇಲೆ ನೀರನ್ನೂ ಇಳ್ಸಿಬಿಟ್ರೆ ಬೇಗ ಬಲೆ ಆಕ್ಬೋದು.”

ದೊಡ್ಡಪ್ಪನಿಗೆ ಯಾರಾದರೂ ನಿನ್ನಿಂದಲೇ ಆಗಬೇಕು ಎಂದರೆ ಸಾಕು, ಮೀಸೆ ತಾನಾಗಿ ಮೇಲೇಳುತ್ತಿತ್ತು. ಮಾರನೇ ದಿನ ಬೆಳಿಗ್ಗೆ, ಅಪ್ಪ ತೂಬಿನ ಹತ್ತಿರ ಇರುವಾಗ, ಬಂದೂಕು ಸಿಡಿಯಿತು. ಮರಗಳ ಮೇಲಿನದೆಲ್ಲ ಒಮ್ಮೆಗೇ ಎದ್ದು ಆಕಾಶ ಕಪ್ಪಾಯಿತು. ನಾನು ಏರಿ ಹತ್ತಿ ನೋಡುವಷ್ಟರಲ್ಲಿ ದೊಡ್ಡಪ್ಪ ಸೊಂಟದುದ್ದ ನೀರಿಂದ ಒಂದು ನೀರುಕಾಗೆಯನ್ನು ಕಾಲು ಹಿಡಿದು ಎತ್ತಿಕೊಂಡು ಬರುತ್ತಿದ್ದ. ಗೂಡುಗಳಲ್ಲಿ ಮೊಟ್ಟೆಗಳು ಕಾವಿಲ್ಲದೆ ಬಿಸಿಲಿಗೆ ಬಿದ್ದಿದ್ದವು. ಅಪ್ಪ ಒದ್ದೆ ಪಂಚೆಯಲ್ಲೇ ಓಡಿ ಬಂದ. ಒಂಬತ್ತು ಗಂಟೆ ಆಗಿರಲಿಲ್ಲ, ಆದರೂ ಹಿತ್ತಲಲ್ಲಿ ಜಗಳ ಹತ್ತಿಕೊಂಡಿತು.

“ಮೊಟ್ಟೆ ಮ್ಯಾಲೆ ಕೂತಿರಾ ಜೀವಕ್ಕೆ ಒಡೀತಿಯಲ್ಲಣ್ಣ. ಬಾತು ಒಡ್ದಾಗ ನಾನ್ ಏನಾರಾ ಅಂದ್ನಾ?”

“ಬಾತು ನನ್ ಮೀನು ತಿನ್ನಲ್ಲ. ಇದು ಕಳ್ಳ. ಕಳ್ಳನ್ನ ಒಡ್ದ್ರೆ ತಪ್ಪೇನ್ಲಾ?”

“ಮೀನು ನಿಂದಾ?”

“ನೀರು ನಿಂದಾ?”

ಅಣ್ಣತಮ್ಮಂದಿರು ಹೀಗೆ ಎದೆಗೆದೆ ಕೊಟ್ಟು ನಿಂತಿರುವಾಗ ಅವ್ವ ಸದ್ದಿಲ್ಲದೆ ಹಕ್ಕಿಯನ್ನು ಎತ್ತಿಕೊಂಡು ಹೋದಳು. ಸತ್ತದ್ದನ್ನು ಹಾಳುಮಾಡಬಾರದು, ಒಗ್ಗರಣೆಗೆ ಹೆಚ್ಚು ಬೆಳ್ಳುಳ್ಳಿ ಹಾಕಿದರೆ ಆ ಕವುಚು ವಾಸನೆ ಹೋಗಬಹುದು ಎಂದು ಅವಳ ಲೆಕ್ಕ. ಈಳಿಗೆಮಣೆ ಹಾಕಿಕೊಂಡು ಕೂತು ಹೊಟ್ಟೆ ಸೀಳಿದಳು. ಕೈ ನಿಂತಿತು. ಒಳಗಿಂದ ಒಂದೊಂದಾಗಿ ಮೀನು ತೆಗೆದು, ನೀರಲ್ಲಿ ಅದ್ದಿ, ಮುತ್ತುಗದ ಎಲೆಯ ಮೇಲೆ ಸಾಲಾಗಿ ಇಟ್ಟಳು. ಎಂಟಿದ್ದವು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಎಲೆಯನ್ನು ಜಗಳದ ನಡುವೆ ತಂದು ನೆಲಕ್ಕಿಟ್ಟಳು.

“ಲೇ ಪಾಪ, ಇದ್ರಾಗೆ ಕಟ್ಲಾ ಯಾವ್ದು ತೋರ್ಸು ಅಂತ ನಿಮ್ ದೊಡ್ಡಪ್ಪಂಗೆ ಏಳು.”

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ. ಎಂಟೂ ಜಿಲೇಬಿ ಮೀನು. ಯಾರೂ ಬಿಡದೆ ತಾನಾಗಿ ಕೆರೆ ಸೇರಿ, ಬಾಯೊಳಗೇ ಮರಿ ಸಾಕಿ, ವರ್ಷಕ್ಕೆ ಹತ್ತರಷ್ಟು ಹೆಚ್ಚುವ ಮೀನು. ಕಟ್ಲಾದ ಮೇವನ್ನೆಲ್ಲ ಅದು ತಿಂದುಬಿಡುತ್ತದೆ ಎಂದು ಸ್ವತಃ ಮಾಣಿಕ್ಕಂ ಅದನ್ನು ಬಯ್ಯದ ದಿನವಿರಲಿಲ್ಲ. ದೊಡ್ಡಪ್ಪ ಒಂದನ್ನು ಬಾಲ ಹಿಡಿದು ತಿರುವಿ ನೋಡಿದ, ಇನ್ನೊಂದನ್ನು ನೋಡಿದ. ಆಗ ಅವ್ವ, ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಮೊದಲ ಸಲ, ನನ್ನನ್ನು ದಾಟಿ ನೇರವಾಗಿ ಮಾತಾಡಿದಳು.

“ದಿನಾ ಮೀನ್ ಉಜ್ಜೋಳು ನಾನು, ಭಾವ. ಯಾವ್ದು ಏನು ಅಂತ ನಂಗೊತ್ತು. ಒಟ್ಟೆ ನೋಡ್ದೆ ಕಳ್ಳ ಅನ್ಬಾರ್ದು.”

ದೊಡ್ಡಪ್ಪ ಉತ್ತರವನ್ನು ನನಗೇ ಹೇಳಿದ. “ನಿಮ್ಮವ್ವ ಏಳಾದು ಸರಿ ಐತೆ ಅಂತ ಏಳಮ್ಮ,” ಎಂದು ಬಂದೂಕನ್ನು ಒರೆಸದೆಯೇ ಗೂಟಕ್ಕೆ ತೂಗುಹಾಕಿದ. ಅಂದಿನ ಸಾರಿಗೆ ಅವ್ವ ಎಷ್ಟು ಬೆಳ್ಳುಳ್ಳಿ ಸುರಿದರೂ ವಾಸನೆ ಹೋಗಲಿಲ್ಲ. ದೊಡ್ಡಪ್ಪನೊಬ್ಬನೇ ಪೂರ್ತಿ ಉಂಡ.

ಸಂಜೆ ಮಾಣಿಕ್ಕಂ ಬಂದಾಗ ಎಲೆ ತೋರಿಸಿದೆವು. ಅವನು ಸುಲಭಕ್ಕೆ ಒಪ್ಪುವ ಆಸಾಮಿ ಅಲ್ಲ. ಒಂದು ಕಾಗೆಯ ಹೊಟ್ಟೆ ನೋಡಿ ಊರ ಕಾಗೆಗೆಲ್ಲ ಸರ್ಟಿಫಿಕೇಟ್ ಕೊಡುತ್ತೀರಾ ಎಂದ. ಬಾಗಿಲ ಹಿಂದಿನಿಂದ ಅವ್ವ, ಇನ್ನೊಂದನ್ನು ಕೊಲ್ಲಬೇಕಿಲ್ಲ, ಮರಿಯಾದ ಮೇಲೆ ಮರದ ಬುಡ ನೋಡಿ, ಮರಿಗಳು ಅರ್ಧ ತಿಂದು ಅರ್ಧ ಚೆಲ್ಲುತ್ತವೆ, ನಮ್ಮ ಮಕ್ಕಳ ಹಾಗೇ ಎಂದಳು. ಅಪ್ಪ ಒಂದು ಮಾತು ಕೊಟ್ಟ. ಮರಿ ಹಾರುವವರೆಗೆ ಮರದ ಬುಡದಲ್ಲಿ ನೀರು ಇರಬೇಕು. ನೀರಿದ್ದರೆ ನರಿ, ಕಾಡುಬೆಕ್ಕು ಹತ್ತುವುದಿಲ್ಲ. ಬೆಳೆಗೆ ಬೇಕಾದಷ್ಟನ್ನು ಮಾತ್ರ ಸರದಿಯಲ್ಲಿ ಬಿಡುತ್ತೇನೆ. ಮೀನು ಹಿಡಿಯುವ ದಿನ ಕಟ್ಲಾ ಕಮ್ಮಿ ಬಂದರೆ ತೂಬಿನ ಕೆಲಸವನ್ನೇ ಬಿಟ್ಟುಕೊಡುತ್ತೇನೆ, ಬೇರೆ ಯಾರನ್ನಾದರೂ ನೀರಗಂಟಿ ಮಾಡಿಕೊಳ್ಳಿ.

ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿದ್ದ ಕೆಲಸ ಅದು. ಅದು ಹೋದರೆ ಏರಿ ಬುಡದ ಮನೆಯೂ ನಮ್ಮದಲ್ಲ. ಆ ರಾತ್ರಿ ಅವ್ವ ಬೇರೆ ಸೊಪ್ಪಿನ ಸಾರು ಮಾಡಿದರೂ ಯಾರೂ ಎರಡನೇ ಸಲ ಕೇಳಲಿಲ್ಲ.

ಮುಂದಿನ ಎರಡು ತಿಂಗಳು ನನ್ನ ಬಾಲ್ಯದ ಅತಿ ಸಂತೋಷದ ದಿನಗಳು. ಮೊಟ್ಟೆಯೊಡೆದು ಮರಿ ಬಂದ ಮೇಲೆ ಶನಿವಾರ, ಭಾನುವಾರ ದೊಡ್ಡಪ್ಪ, ಮಾಣಿಕ್ಕಂ, ನಾನು ಬಿದಿರಿನ ಪರಿಸಲಿನಲ್ಲಿ ಕೂತು ಮರಗಳ ಕಡೆ ಹೋಗುತ್ತಿದ್ದೆವು. ಬುಟ್ಟಿಯಂಥ ದೋಣಿ ಅದು, ಸುತ್ತುತ್ತಾ ಸುತ್ತುತ್ತಾ ಹೋಗುತ್ತಿತ್ತು. ಮಾಣಿಕ್ಕಂಗೆ ತಲೆ ತಿರುಗುತ್ತಿತ್ತು. ಕಣ್ಣು ಮುಚ್ಚಿ ಮುರುಗನ ಹೆಸರು ಹೇಳುತ್ತಿದ್ದ. ಮರದ ಕೆಳಗೆ ನಾವು ತಲೆಗೆ ಗೋಣಿ ಹೊದ್ದುಕೊಂಡು, ಮೇಲಿಂದ ಬೀಳುವುದರಿಂದ ತಪ್ಪಿಸಿಕೊಂಡು, ಕೊಂಬೆಗಳಿಗೆ ಸಿಕ್ಕಿಬಿದ್ದ ಮೀನುಗಳನ್ನು ಆರಿಸುತ್ತಿದ್ದೆವು. ಮನೆಗೆ ತಂದರೆ ಅವ್ವ ಎಲೆಯ ಮೇಲೆ ಬೇರೆ ಬೇರೆ ಮಾಡುವಳು. ಜಿಲೇಬಿಯೇ ಜಿಲೇಬಿ, ನಡುವೆ ಕಪ್ಪೆ, ಏಡಿ. ಒಂದೆರಡು ಸಲ ಕಟ್ಲಾ ಮರಿಯೂ ಬಂತು. ಮಾಣಿಕ್ಕಂ ಅದನ್ನು ಎತ್ತಿ ಹಿಡಿದು, “ಇದಿಗೋ, ಅಕ್ಕಾ, ಇದಿಗೋ,” ಎಂದು ಗೆದ್ದವನ ಹಾಗೆ ನಿಂತರೆ, ಅವ್ವ ಅದನ್ನೂ ಅಡಗಿಸದೆ ಎಲೆಯ ಇನ್ನೊಂದು ಮೂಲೆಗೆ ಇಡುತ್ತಿದ್ದಳು. “ತಿನ್ನಾದೇ ಇಲ್ಲ ಅಂತ ನಾನೆಲ್ಲಿ ಏಳ್ದೆ? ಎಷ್ಟು ತಿಂತಾವೆ ಅಂತ ನೋಡು,” ಎನ್ನುವಳು. ಕೆರೆಯ ಕೆಲಸ ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಆ ಎಲೆಯ ಮುಂದೆ, ಅವ್ವನ ಪಕ್ಕ ಕೂತು, ನಮ್ಮ ಮಾತಿಗೆ ಒಗ್ಗದ ಮೀನನ್ನೂ ಎಲೆಯಿಂದ ತೆಗೆಯಬಾರದು ಎಂದು ಕಲಿತೆ.

ದೊಡ್ಡಪ್ಪ ಈ ನಡುವೆ ತನ್ನನ್ನು ತಾನೇ ಕೆರೆಯ ಕಾವಲಿಗೆ ನೇಮಿಸಿಕೊಂಡಿದ್ದ. ಬಂದೂಕನ್ನು ಹೆಗಲಿಗೆ ಹಾಕಿ, ಮದ್ದಿಲ್ಲದೆಯೇ, ಏರಿಯ ಮೇಲೆ ನಡೆಯುತ್ತಿದ್ದ. ಮೊಟ್ಟೆ ಕದಿಯಲು ಬಂದ ಪಕ್ಕದೂರಿನ ಹೈದರು ಅವನ ಮೀಸೆ ನೋಡಿಯೇ ವಾಪಸಾದರು. ಒಂದು ದಿನ ಗಾಳಿಗೆ ಗೂಡಿನಿಂದ ಮರಿಯೊಂದು ನೀರಿಗೆ ಬಿತ್ತು. ಐವತ್ತು ದಾಟಿದ ದೊಡ್ಡಪ್ಪ ಅದನ್ನು ರುಮಾಲಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಜಾಲಿ ಮರ ಹತ್ತಿದ. ಮರಿಯನ್ನು ಗೂಡಿಗೆ ಬಿಟ್ಟ ಕೂಡಲೇ ಅದು ಹೆದರಿ, ಹೊಟ್ಟೆಯಲ್ಲಿದ್ದ ಅರೆಜೀರ್ಣ ಮೀನನ್ನೆಲ್ಲ ಅವನ ಮುಖಕ್ಕೆ ಕಕ್ಕಿತು. ಕೆಳಗಿಳಿದವನ ಮೈತುಂಬ ಮುಳ್ಳು. ಜಗಲಿಯಲ್ಲಿ ಬೋರಲು ಮಲಗಿದ ಅವನ ಬೆನ್ನಿಂದ ಅಪ್ಪ ಪಿನ್ನಿನಲ್ಲಿ ಮುಳ್ಳು ತೆಗೆಯುತ್ತಿದ್ದರೆ, ಅವ್ವ ಒಳಗಿಂದ ಕೇಳಿದಳು.

“ಮೂತಿಗೆ ಕಕ್ಕಿದ್ದು ಕಟ್ಲಾನೋ ಜಿಲೇಬಿನೋ ಅಂತ ಕೇಳ್ಲೇ ಪಾಪ.”

ದೊಡ್ಡಪ್ಪ ನನ್ನ ದಾರಿ ಕಾಯಲಿಲ್ಲ. “ಜಿಲೇಬಿನೇ ಕಣಮ್ಮ,” ಎಂದು ನರಳಿದ. ಅಪ್ಪ ನಕ್ಕು ಪಿನ್ನನ್ನು ಇನ್ನಷ್ಟು ಒಳಕ್ಕೆ ಚುಚ್ಚಿಬಿಟ್ಟ.

ಬಿಸಿಲು ಏರುವ ಪಂಗುನಿ ತಿಂಗಳಿಗೆ ಮರಿಗಳು ರೆಕ್ಕೆ ಬಲಿತು ಹಾರಿದವು. ಅಪ್ಪ ಮಿಂದು ತೂಬು ಪೂರ್ತಿ ತೆಗೆದ. ಮರುತಿಂಗಳು, ಚಿತ್ತಿರೈ ಬಿಸಿಲಿಗೆ ನೀರು ತೊಡೆಮಟ್ಟಕ್ಕೆ ಇಳಿದ ಮೇಲೆ ಮೀನು ಹಿಡಿಯುವ ದಿನ ಗೊತ್ತಾಯಿತು. ಅಂದು ಅಪ್ಪ ಬೆಳಿಗ್ಗೆ ಏನೂ ತಿನ್ನಲಿಲ್ಲ. ಅವ್ವ ರಾಗಿ ಗಂಜಿಯ ಚೊಂಬು ಹಿಡಿದು ಅವನ ಹಿಂದೆ ಹಿಂದೆ ಸುತ್ತಿದಳು. ಮಾಣಿಕ್ಕಂನ ಆಳುಗಳು ಕೆರೆಯ ಒಂದು ಬದಿಯಿಂದ ದೊಡ್ಡ ಬಲೆ ಎಳೆದು ಬಂದರು. ಊರವರು ಪದ್ಧತಿಯಂತೆ ಬಲೆಯ ಹಿಂದೆ, ತಳವಿಲ್ಲದ ಬಿದಿರ ಬುಟ್ಟಿಯಂಥ ಕೂಳಿಗಳನ್ನು ಹಿಡಿದು, ತಪ್ಪಿಸಿಕೊಂಡ ಮೀನಿನ ಮೇಲೆ ಕವುಚುತ್ತಾ ಬಂದರು. ಬಲೆ ದಡಕ್ಕೆ ಹತ್ತಿರವಾದಂತೆ ನೀರು ಕುದಿಯುವ ಎಸರಿನ ಹಾಗೆ ಏಳತೊಡಗಿತು. ಮೊದಲ ಕಟ್ಲಾ ಬಲೆಯ ಮೇಲಿಂದ ನೆಗೆದು ಒಬ್ಬ ಆಳಿನ ಎದೆಗೆ ಬಡಿಯಿತು, ಅವನು ಕೂತೇಬಿಟ್ಟ. ಆಮೇಲೆ ಎಣಿಸುವವರಿಲ್ಲ. ಒಂದೊಂದು ನನ್ನ ತಮ್ಮನ ತೋಳಿನುದ್ದ. ಜಿಲೇಬಿ ಹಿಂದಿನ ವರ್ಷದ ಅರ್ಧವೂ ಇರಲಿಲ್ಲ. ಮಾಣಿಕ್ಕಂ ಕೆಸರಲ್ಲಿ ನಿಂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದ. ನಷ್ಟವಾದವರು ನಿಲ್ಲುವ ಹಾಗೆಯೇ ಇತ್ತು, ಮುಖ ಮಾತ್ರ ನಗುತ್ತಿತ್ತು. ಹಕ್ಕಿಗಳಿಂದಲೇ ಇಷ್ಟೂ ಆಯಿತು ಎಂದು ನಾನು ಇಂದು ಆಣೆ ಮಾಡಲಾರೆ. ಕೋಡಿ ಬಿದ್ದ ವರ್ಷ, ನೀರೂ ಹೆಚ್ಚು ದಿನ ನಿಂತಿತ್ತು. ಹಕ್ಕಿಗಳಿಂದ ಕೆಡಲಿಲ್ಲ ಎಂಬುದಕ್ಕಂತೂ ಇಡೀ ಊರು ಸಾಕ್ಷಿ. ಅಪ್ಪ ಆಗ ಅವ್ವನ ಕೈಯಿಂದ ಚೊಂಬು ಇಸಿದುಕೊಂಡು, ನಿಂತಲ್ಲೇ, ಒಂದೇ ಉಸಿರಿಗೆ ಗಂಜಿ ಕುಡಿದ.

ಮಧ್ಯಾಹ್ನ ಏರಿಯ ಮೇಲೆ ಪಾಲಿನ ಮೀನನ್ನು ಗುಡ್ಡೆ ಗುಡ್ಡೆಯಾಗಿ ಇಟ್ಟರು. ಮೀನಿನ ಗುತ್ತಿಗೆ ಯಾರದೇ ಆದರೂ ದೇವರ ಪಾಲು, ಬಲೆ ಎಳೆದವರ ಪಾಲು, ನೀರಗಂಟಿ ಪಾಲು ಕೊಡಲೇಬೇಕು. ಪಾಲು ಕೂಗುವವನು ನೀರಗಂಟಿಯೇ. ಅಪ್ಪ ಒಂದೊಂದು ಗುಡ್ಡೆಯ ಮುಂದೆ ನಿಂತು ಗಟ್ಟಿಯಾಗಿ ಹೆಸರು ಕೂಗುತ್ತಾ ಬಂದ. ಕಾವಲಿನವನ ಪಾಲು ಎಂದು ದೊಡ್ಡಪ್ಪನ ಹೆಸರು ಬಂದಾಗ ಅವನು ಮೀಸೆ ತಿರುವಿಯೇ ಮುಂದೆ ಬಂದ. ಕೊನೆಗೆ ಒಂದು ಗುಡ್ಡೆ ಉಳಿಯಿತು. ಒಳ್ಳೆಯ ಗುಡ್ಡೆ, ಮೇಲೊಂದು ದಪ್ಪ ಕಟ್ಲಾ. ಯಾರದು ಎಂದು ಅಪ್ಪ ಕೇಳಿದ. ಮಾಣಿಕ್ಕಂ ಹತ್ತಿರ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಅಪ್ಪನ ಮುಖ ಕೆಂಪಗಾಯಿತು.

ಅಪ್ಪ ಅವ್ವನ ಹೆಸರನ್ನು ಕರೆದದ್ದು ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಮನೆಯಲ್ಲಿ ‘ಏಯ್, ಇಲ್ನೋಡು’, ಹೊರಗಿನವರ ಮುಂದೆ ‘ಮನೇವ್ಳು’. ಊರಿಗೆ ಅವಳು ನೀರಗಂಟಿ ಹೆಂಡತಿ, ನನಗೆ ಅವ್ವ. ರೇಷನ್ ಕಾರ್ಡಿನಲ್ಲಿ ಓದದೇ ಇದ್ದಿದ್ದರೆ ಅವಳ ಹೆಸರು ನನಗೂ ಗೊತ್ತಾಗುತ್ತಿರಲಿಲ್ಲ. ಹೆಂಗಸಿನ ಹೆಸರಿಗೆ ಏರಿಯ ಮೇಲೆ ಪಾಲು ಇಟ್ಟದ್ದಂತೂ ಅದುವರೆಗೆ ಇರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡ. ಕೆರೆಯ ಕಡೆ ನೋಡಿದ, ಊರಿನ ಕಡೆ ನೋಡಿದ. ಇಷ್ಟು ಹೊತ್ತು ಆಚೆ ದಡಕ್ಕೆ ಕೇಳುವಂತೆ ಕೂಗಿದವನು, ತನಗೆ ತಾನೇ ಹೇಳಿಕೊಂಡಷ್ಟು ಮೆಲ್ಲಗೆ ಅಂದ.

“ಕೆಂಪಮ್ಮ.”

“ಕೇಳ್ಸಲಿಲ್ಲಪ್ಪೋ,” ಎಂದ ದೊಡ್ಡಪ್ಪ, ಗುಂಪಿನ ನಡುವಿನಿಂದ. “ಪಾಲು ಇಂಗಾ ಕೂಗೋದು? ಗಟ್ಟಿಯಾಗ್ ಕೂಗು.”

ಜನ ನಗತೊಡಗಿದರು. ಅವ್ವ ಮೆಟ್ಟಿಲ ತುದಿಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಭುಜ ಕುಲುಕುತ್ತಿತ್ತು, ನಗುವೋ ಅಳುವೋ ತಿಳಿಯುವಂತಿರಲಿಲ್ಲ. ಅಪ್ಪ ಎದೆ ತುಂಬ ಗಾಳಿ ಎಳೆದುಕೊಂಡು, ಈ ಸಲ ನೇರವಾಗಿ ಅವಳ ಕಡೆಗೇ ತಿರುಗಿ ಕೂಗಿದ.

“ಕೆಂಪಮ್ಮನ ಪಾಲು!”

ಅವ್ವ ಸೆರಗನ್ನು ಬಾಯಿಂದ ತೆಗೆದಳು. ಅದನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಯಾರ ಮುಖವನ್ನೂ ತಪ್ಪಿಸದೆ, ಏರಿಯ ಮೇಲೆ ನಡೆದು ಬಂದಳು.